ನೆಲ ಹೇಳಿದಂತೆ ಓಡಿ: ತ್ಯಾವಣಿಗೆ ಸೀಮೆಯ ಕಾಡುದಾರಿ ಓಟಕ್ಕೆ 15 ಸೂತ್ರಗಳು

ಟಾರು ರಸ್ತೆಯ ಮೇಲೆ ಗಡಿಯಾರವೇ ಯಜಮಾನ. ಮಣ್ಣಿನ ದಾರಿಗೆ ಇಳಿದ ಮೇಲೆ ಯಜಮಾನಿಕೆ ನೆಲದ್ದು. ಟ್ರೇಲ್ ರನ್ನಿಂಗ್ ಎಂದು ಕರೆಯುವ ಕಾಡುದಾರಿ ಓಟದ ಗುಟ್ಟೆಲ್ಲ ಇದರಲ್ಲೇ ಇದೆ: ಕಾಡಾಗಲಿ, ಕುರುಚಲಾಗಲಿ, ಮರಳಾಗಲಿ, ಎದುರಾದ ನೆಲಕ್ಕೆ ತಕ್ಕಂತೆ ಹೆಜ್ಜೆ ಬದಲಿಸಬೇಕು.

ನೆದರ್ಲೆಂಡ್ಸ್‌ನಲ್ಲಿ 1935ರಲ್ಲಿ ಆರಂಭವಾದ ಹೋಹೆ ವೇಲುವೆ ಉದ್ಯಾನದಲ್ಲಿ ಕಾಡು, ಪೊದೆಬಯಲು, ಮರಳದಿಬ್ಬ ಮೂರೂ ಒಂದೇ ಬೇಲಿಯೊಳಗೆ ಸಿಗುತ್ತವೆ. ನಮ್ಮಲ್ಲಿ ಬೇಲಿ ಇಲ್ಲ, ಆದರೆ ನೆಲದ ವೈವಿಧ್ಯಕ್ಕೆ ಬರವೂ ಇಲ್ಲ. ತ್ಯಾವಣಿಗೆಯ ಸುತ್ತ ಭದ್ರಾ ನಾಲೆಯ ನೀರುಂಡ ಗದ್ದೆ, ತೋಟ. ದಕ್ಷಿಣಕ್ಕೆ ಹೋದರೆ ಶಾಂತಿಸಾಗರ, ಅಂದರೆ ನಮ್ಮ ಸೂಳೆಕೆರೆಯ ಗುಡ್ಡಗಳು. ಪಶ್ಚಿಮಕ್ಕೆ ಹೊನ್ನಾಳಿಯ ತುಂಗಭದ್ರೆಯ ಮರಳು. ದಾವಣಗೆರೆ ದಾಟಿ ಈಶಾನ್ಯಕ್ಕೆ ನಡೆದರೆ ಜಗಳೂರಿನ ರಂಗಯ್ಯನದುರ್ಗದ ಕುರುಚಲು ಕಾಡು. ಇಷ್ಟೆಲ್ಲ ಇರುವಾಗ ಓಡಲು ಸ್ಟೇಡಿಯಂ ಹುಡುಕಿಕೊಂಡು ಹೋಗಬೇಕಿಲ್ಲ. ಓಡುವ ಕ್ರಮ ಮಾತ್ರ ಕಲಿಯಬೇಕು.

1. ಹೊರಡುವ ಮುಂಚೆ ನೆಲ ಗುರುತಿಸಿ

ಎಷ್ಟು ದೂರ ಎಂದು ಲೆಕ್ಕ ಹಾಕುವ ಮೊದಲು ಯಾವ ನೆಲ ಎಂದು ಕೇಳಿಕೊಳ್ಳಿ. ನಾಲೆ ಏರಿಯ ಗಟ್ಟಿ ಮಣ್ಣಿಗೆ ಒಂದೇ ಸಮನಾದ ಓಟ. ಗರಸು ಕಲ್ಲಿನ ಕೆಂಪು ನೆಲಕ್ಕೆ ಚಿಕ್ಕ ಹೆಜ್ಜೆ, ಎತ್ತಿದ ಪಾದ. ಎರೆ ನೆಲ ಒಣಗಿದ್ದರೆ ಎಚ್ಚರದ ಓಟ, ನೆನೆದಿದ್ದರೆ ಅವತ್ತು ರಜೆ. ಮರಳಿನಲ್ಲಿ ಸ್ಪೀಡಿನ ಆಸೆಯನ್ನೇ ಬಿಡಬೇಕು. ಒಂದೇ ದಿನ ಎರಡು ಮೂರು ನೆಲ ಬರುವುದಾದರೆ ಕಷ್ಟದ ನೆಲವನ್ನು ಓಟದ ಮೊದಲರ್ಧಕ್ಕೆ ಇಟ್ಟುಕೊಳ್ಳಿ. ಕಾಲು ಸೋತಾಗಲೇ ಪಾದ ಉಳುಕುವುದು.

2. ನಾಲೆ ಏರಿಯ ಮೇಲೆ ಅಭ್ಯಾಸ ಶುರುಮಾಡಿ

ಹೊಸಬರಿಗೆ ನಾಲೆಯ ಪಕ್ಕದ ಮಣ್ಣು ದಾರಿಗಿಂತ ಒಳ್ಳೆಯ ಪಾಠಶಾಲೆ ಇಲ್ಲ. ಏರಿಳಿತ ಕಡಿಮೆ, ನೆಲ ಮೆತ್ತಗೆ, ದಾರಿ ತಪ್ಪುವ ಭಯವಿಲ್ಲ. ಶ್ರೀರಂಗಪಟ್ಟಣದ ಬಳಿ ನಡೆಯುತ್ತ ಬಂದ ಕಾವೇರಿ ಟ್ರೇಲ್ ಮ್ಯಾರಥಾನ್ ಕೂಡ ನಾಲೆ ಪಕ್ಕದ ಮಣ್ಣು ದಾರಿಯದೇ ಓಟ. ಅಲ್ಲಿ ಓಡಬೇಕೆನ್ನುವವರಿಗೆ ಇಲ್ಲೇ ತಾಲೀಮು ಆಗುತ್ತದೆ.

ಒಂದು ಕಟ್ಟುನಿಟ್ಟು ಮಾತ್ರ ಇರಲಿ. ನೀರು ತುಂಬಿ ಹರಿಯುವಾಗ ಮುಖ ತೊಳೆಯಲೆಂದೂ ಇಳಿಯಬೇಡಿ. ಕಾಂಕ್ರೀಟ್ ಇಳಿಜಾರಿಗೆ ಪಾಚಿ ಹಿಡಿದಿರುತ್ತದೆ, ಕಾಲು ಜಾರಿದರೆ ಹಿಡಿಯಲು ಏನೂ ಸಿಗುವುದಿಲ್ಲ. ಈಜು ಬಲ್ಲವರಿಗೂ ಮೇಲೆ ಬರುವುದು ಕಷ್ಟ. ಏರಿಯ ಮೇಲೆ ಓಡುವಾಗ ನೀರಿನ ಕಡೆಯ ಅಂಚು ಬಿಟ್ಟು, ಗದ್ದೆ ಕಡೆಯ ಅರ್ಧದಲ್ಲೇ ಓಡಿ.

3. ವಾಚ್ ನೋಡಬೇಡಿ, ಉಸಿರು ಕೇಳಿ

ರಸ್ತೆಯಲ್ಲಿ ಕಿಲೋಮೀಟರಿಗೆ 6 ನಿಮಿಷ ಓಡುವವರಿಗೆ ಗುಡ್ಡದ ಕಾಲುದಾರಿಯಲ್ಲಿ 9 ನಿಮಿಷ ಹಿಡಿದರೂ ಅದು ಸೋಲಲ್ಲ. ಇಲ್ಲಿ ಅಳತೆ ಬೇರೆ. ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗುತ್ತಿದ್ದರೆ ವೇಗ ಸರಿ ಇದೆ. ಒಂದೊಂದೇ ಪದ ಬರುತ್ತಿದ್ದರೆ ಹೆಚ್ಚಾಗಿದೆ. ಡೈರಿಯಲ್ಲಿ ಕಿಲೋಮೀಟರ್ ಬದಲು ಓಡಿದ ಸಮಯ ಬರೆಯಿರಿ. “ಭಾನುವಾರ, ಗುಡ್ಡ, 80 ನಿಮಿಷ” ಎಂದರೆ ಸಾಕು, ದೇಹಕ್ಕೆ ಅದೇ ನಿಜವಾದ ಲೆಕ್ಕ.

4. ಏರಿನಲ್ಲಿ ನಡೆಯಲು ನಾಚಬೇಡಿ

ಚನ್ನಗಿರಿ ಕೋಟೆ ಗುಡ್ಡವನ್ನೋ ಬಸವಾಪಟ್ಟಣದ ಗುಡ್ಡವನ್ನೋ ಒಂದೇ ಉಸಿರಿಗೆ ಹತ್ತುವ ಹಟ ಬೇಡ. ಕಡಿದಾದ ಏರಿನಲ್ಲಿ ಜಗತ್ತಿನ ದೊಡ್ಡ ದೊಡ್ಡ ಓಟಗಾರರೂ ನಡೆಯುತ್ತಾರೆ. ಅಂಥ ಕಡೆ ಓಟಕ್ಕೂ ಬಿರುಸು ನಡಿಗೆಗೂ ವೇಗದಲ್ಲಿ ಹೆಚ್ಚು ವ್ಯತ್ಯಾಸವಿರುವುದಿಲ್ಲ, ದಣಿವಿನಲ್ಲಿ ಮಾತ್ರ ಅಜಗಜಾಂತರ. ಅಂಗೈಗಳನ್ನು ತೊಡೆಯ ಮೇಲೆ ಒತ್ತಿ, ಸೊಂಟದಿಂದಲ್ಲದೆ ಹಿಮ್ಮಡಿಯಿಂದ ಮುಂದಕ್ಕೆ ಬಾಗಿ, ಚಿಕ್ಕ ಹೆಜ್ಜೆಯಲ್ಲಿ ಹತ್ತಿ. ಮೇಲೆ ತಲುಪಿದಾಗ ಮಾತಾಡುವಷ್ಟು ಉಸಿರು ಉಳಿದಿದ್ದರೆ ಸರಿಯಾಗಿ ಹತ್ತಿದ್ದೀರಿ.

5. ಇಳಿಜಾರನ್ನು ಬೇರೆಯಾಗಿಯೇ ಕಲಿಯಿರಿ

ಗುಡ್ಡ ಹತ್ತುವಾಗ ದಮ್ಮು ಸೋಲುತ್ತದೆ, ಇಳಿಯುವಾಗ ತೊಡೆ ಸೋಲುತ್ತದೆ. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕು, ಹಾಗಾಗಿ ಒಂದೆರಡು ದಿನ ಬಿಟ್ಟು ಮೆಟ್ಟಿಲು ಇಳಿಯುವಾಗ ನೋವು ಕಾಣಿಸಿಕೊಳ್ಳುತ್ತದೆ. ಇದಕ್ಕೆ ಅಭ್ಯಾಸವೇ ಔಷಧಿ. ಮೊದಲ ತಿಂಗಳು ವಾರಕ್ಕೊಮ್ಮೆ, ಚಿಕ್ಕ ಇಳಿಜಾರು ಸಾಕು.

ಹಿಂದಕ್ಕೆ ವಾಲಿ ಹಿಮ್ಮಡಿ ಊರಿದರೆ ಗರಸಿನ ಮೇಲೆ ಜಾರುವುದು ಖಂಡಿತ. ಮಂಡಿ ಸ್ವಲ್ಪ ಮಡಚಿ, ಕೈ ಅಗಲಿಸಿ, ಕಾದ ಹಂಚಿನ ಮೇಲೆ ಕಾಲಿಟ್ಟವರ ಹಾಗೆ ಹಗುರವಾಗಿ, ಬೇಗಬೇಗ ಹೆಜ್ಜೆ ಹಾಕಿ. ಒಂದು ಹೆಜ್ಜೆ ಜಾರಿದರೂ ಮುಂದಿನದು ಕಾಯುತ್ತದೆ.

6. ಕಣ್ಣು ಮೂರು ಮಾರು ಮುಂದಿರಲಿ

ಪಾದವನ್ನೇ ನೋಡುತ್ತ ಓಡಿದರೆ ಕಲ್ಲು ಕಂಡಾಗ ತಡವಾಗಿರುತ್ತದೆ, ಸುತ್ತಲ ಗುಡ್ಡ ನೋಡುತ್ತ ಓಡಿದರೆ ಕಲ್ಲು ಕಾಣುವುದೇ ಇಲ್ಲ. ನೋಟ ಮೂರು ಮಾರು ಮುಂದಿರಲಿ, ಅಂದರೆ ಸುಮಾರು 5 ಮೀಟರ್. ಅಷ್ಟು ದೂರದಲ್ಲಿ ಕಂಡ ಬೇರು, ಕಲ್ಲು, ಗುಂಡಿಗೆ ಮೂರ್ನಾಲ್ಕು ಹೆಜ್ಜೆ ಮೊದಲೇ ಕಾಲು ತಯಾರಾಗುತ್ತದೆ. ವೇಗ ಹೆಚ್ಚಿದಂತೆ ನೋಟವನ್ನೂ ದೂರಕ್ಕೆ ಕಳಿಸಿ. ಗುಡ್ಡದ ನೋಟ ಸವಿಯಬೇಕೆ? ನಿಂತು ನೋಡಿ. ನಿಂತು ನೋಡಿದರೆ ಯಾರೂ ನಂಬರ್ ಕಳೆಯುವುದಿಲ್ಲ.

7. ಮರಳಿಗೆ ಬೇರೆ ಲೆಕ್ಕ

ಬೆಲ್ಜಿಯಂನ ವಿಜ್ಞಾನಿಗಳು 1998ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಗಟ್ಟಿ ನೆಲದ ಓಟಕ್ಕಿಂತ ಮರಳಿನ ಓಟಕ್ಕೆ ಸುಮಾರು 1.6 ಪಟ್ಟು ಶಕ್ತಿ ಬೇಕು. ಒತ್ತಿದ ಬಲದಲ್ಲಿ ಒಂದಿಷ್ಟು ಮರಳನ್ನು ಸರಿಸುವುದಕ್ಕೇ ಹೋಗುತ್ತದೆ, ಮೀನಖಂಡದ ಮೇಲೆ ಭಾರ ಬೀಳುತ್ತದೆ. ಹಾಗಾಗಿ ಹೊನ್ನಾಳಿ ಕಡೆಯ ಹೊಳೆದಂಡೆಯಲ್ಲಿ ಮೊದಲ ಸಲ 10 ನಿಮಿಷ ಓಡಿದರೆ ಸಾಕು. ಒದ್ದೆ ಮರಳು ಗಟ್ಟಿ, ಒಣ ಮರಳು ಸಡಿಲ. ಒದ್ದೆಯಲ್ಲಿ ಕಲಿತು ಒಣದಕ್ಕೆ ಹೋಗಿ. ಕಾಲ್ಬೆರಳಿನಿಂದ ನೆಲ ಒದೆಯುವ ಬದಲು ಇಡೀ ಪಾದ ಊರಿ ಎತ್ತಿ.

ಹೊಳೆಯಲ್ಲಿ ನೀರು ಹೆಚ್ಚಿರುವ ತಿಂಗಳುಗಳಲ್ಲಿ ದಂಡೆಗೆ ಹೋಗಬೇಡಿ. ನೀರು ಇಳಿದ ಮೇಲೂ ಮರಳು ತೆಗೆದ ಗುಂಡಿಗಳು ಇರುತ್ತವೆ. ತಿಳಿನೀರು ನಿಂತಿದೆ ಎಂದು ಕಾಲಿಟ್ಟರೆ ಆಳ ಗೊತ್ತಾಗುವುದು ಮುಳುಗಿದ ಮೇಲೆ.

8. ಎರೆ ನೆಲದ ಜೊತೆ ಹಟ ಬೇಡ

ಮಳೆ ಬಿದ್ದ ಎರೆ ನೆಲದಲ್ಲಿ ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ಶೂ ಎರಡರಷ್ಟು ಭಾರವಾಗಿರುತ್ತದೆ. ಕೆಸರು ಅಟ್ಟೆಯ ಹಲ್ಲುಗಳಲ್ಲಿ ತುಂಬಿಕೊಂಡರೆ ಹಿಡಿತ ಹೋಯಿತೆಂದೇ ಲೆಕ್ಕ. ಬೇಸಿಗೆಯಲ್ಲಿ ಇದೇ ನೆಲ ಬಿರುಕು ಬಿಡುತ್ತದೆ. ಪಾದದ ಮುಂಭಾಗ ಬಿರುಕಿಗೆ ಸಿಕ್ಕಿದರೆ ಬೀಳುವುದು ಮುಖ ಅಡಿಯಾಗಿ. ಎರೆ ಹೊಲದ ಬಂಡಿದಾರಿಯಲ್ಲಿ ಓಡುವುದಾದರೆ ಟ್ರ್ಯಾಕ್ಟರ್ ಗಾಲಿ ಒತ್ತಿದ ಜಾಡಿನಲ್ಲೇ ಓಡಿ. ಮಳೆಯ ಮರುದಿನ ಕೆಂಪು ಗರಸಿನ ಗುಡ್ಡಕ್ಕೆ ಹೋಗಿ, ಅಲ್ಲಿ ನೀರು ಬೇಗ ಬಸಿಯುತ್ತದೆ.

9. ಶೂ ಕೊಳ್ಳುವಾಗ ಮುಳ್ಳು ನೆನಪಿರಲಿ

ವಿದೇಶಿ ಟ್ರೇಲ್ ಶೂಗಳ ಜಾಹೀರಾತಿನಲ್ಲಿ ಕೆಸರು, ಹಿಮ, ಬಂಡೆ ಎಲ್ಲ ಇರುತ್ತದೆ, ಬಳ್ಳಾರಿ ಜಾಲಿ ಮಾತ್ರ ಇರುವುದಿಲ್ಲ. ನಮ್ಮ ಕುರುಚಲಿನಲ್ಲಿ ನಿಜವಾದ ಪರೀಕ್ಷಕ ಅದೇ. ಒಣಗಿದ ಜಾಲಿಮುಳ್ಳು ಮೆತ್ತನೆ ಅಟ್ಟೆಯನ್ನು ಸಲೀಸಾಗಿ ತೂರಿ ಪಾದ ಮುಟ್ಟುತ್ತದೆ. ಶೂ ಕೊಳ್ಳುವಾಗ ಅಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಸುಲಭವಾಗಿ ತಗ್ಗಿದರೆ ಅದು ರಸ್ತೆಯ ಶೂ. ಅಟ್ಟೆಯೊಳಗೆ ಗಟ್ಟಿ ಪದರ ಇರುವ, 4–5 ಮಿ.ಮೀ. ಹಲ್ಲುಗಳಿರುವ ಶೂ ನಮ್ಮ ನೆಲಕ್ಕೆ ಸರಿ. ಬೆರಳಿನ ಮುಂದೆ ಅರ್ಧ ಇಂಚು ಜಾಗ ಇರಲಿ, ಇಲ್ಲದಿದ್ದರೆ ಇಳಿಜಾರಿನಲ್ಲಿ ಉಗುರು ಕಪ್ಪಾಗುತ್ತದೆ.

ಜೇಬಿನಲ್ಲಿ ಒಂದು ಚಿಮಟ ಇಟ್ಟುಕೊಳ್ಳಿ. ಮುಳ್ಳು ಕಂಡ ಕೂಡಲೇ ನಿಂತು ತೆಗೆಯಿರಿ. ಇನ್ನೊಂದು ಮೈಲಿ ಓಡಿ ತೆಗೆಯೋಣ ಎಂದರೆ ಅದು ಒಳಗೇ ಮುರಿದುಕೊಳ್ಳುತ್ತದೆ. ಮಳೆಗಾಲ ಕಳೆದ ಮೇಲೆ ಸೂಜಿಹುಲ್ಲು ಕಾಲುಚೀಲಕ್ಕೆ ಹೊಕ್ಕು ಚುಚ್ಚುತ್ತದೆ, ಮೀನಖಂಡ ಮುಚ್ಚುವ ಉದ್ದ ಕಾಲುಚೀಲ ಹಾಕಿ.

10. ಅಭಯಾರಣ್ಯಕ್ಕೆ ಅನುಮತಿ ಇಲ್ಲದೆ ಕಾಲಿಡಬೇಡಿ

ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ 2011ರಲ್ಲಿ ವನ್ಯಜೀವಿಧಾಮವಾಯಿತು. ವಿಸ್ತೀರ್ಣ ಸುಮಾರು 77 ಚದರ ಕಿ.ಮೀ. ಅದನ್ನು ಕಾಯ್ದಿರಿಸಿದ್ದು ಕೊಂಡುಕುರಿಗಾಗಿ. ಗಂಡಿಗೆ ನಾಲ್ಕು ಕೊಂಬಿರುವ ಈ ಪುಟ್ಟ ಪ್ರಾಣಿ ಭಾರತ ಮತ್ತು ನೇಪಾಳ ಬಿಟ್ಟರೆ ಕಾಡಿನಲ್ಲಿ ಬೇರೆಲ್ಲೂ ಇಲ್ಲ. ಹಿಂಡು ಕಟ್ಟುವುದಿಲ್ಲ, ಒಂಟಿಯಾಗಿಯೋ ಜೋಡಿಯಾಗಿಯೋ ಹುಲ್ಲಿನಲ್ಲಿ ಅಡಗಿರುತ್ತದೆ. ಸದ್ದಾದರೆ ಮೊದಲು ಕಲ್ಲಾಗಿ ನಿಲ್ಲುತ್ತದೆ, ಹತ್ತಿರ ಹೋದರೆ ಚಂಗನೆ ಹಾರಿ ಓಡುತ್ತದೆ. ನೀರಿಗೆ ಬಂದ ಕೊಂಡುಕುರಿಯನ್ನು ಓಟಗಾರರ ಗುಂಪು ಬೆದರಿಸಿದರೆ, ಬರದ ನಾಡಿನಲ್ಲಿ ಅದು ಇನ್ನೊಂದು ನೀರಿನ ತಾವು ಹುಡುಕಬೇಕು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಸೆಕ್ಷನ್ ಅಭಯಾರಣ್ಯ ಪ್ರವೇಶವನ್ನು ನಿರ್ಬಂಧಿಸುತ್ತದೆ, 28ನೇ ಸೆಕ್ಷನ್ ಯಾವ ಕಾರಣಕ್ಕೆ ಪರವಾನಗಿ ಕೊಡಬಹುದೆಂದು ಹೇಳುತ್ತದೆ. ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ಮೊದಲೇ ವಿಚಾರಿಸಿ. ಬೇಡ ಎಂದರೆ ವಾದ ಬೇಡ, ಹೊರಗಿನ ಹಳ್ಳಿದಾರಿಗಳೇ ಬೇಕಾದಷ್ಟಿವೆ. ಮೀಸಲು ಅರಣ್ಯಕ್ಕೂ ಇದೇ ಶಿಸ್ತು ಇರಲಿ.

11. ಕಾಡಂಚಿನಲ್ಲಿ ಬೆಳಕಿದ್ದಾಗ ಓಡಿ, ಕಿವಿ ತೆರೆದಿರಲಿ

ಮಬ್ಬುಗತ್ತಲೆಯ ಹೊತ್ತು ಚಿರತೆ, ಕರಡಿಗಳದ್ದು. ಚನ್ನಗಿರಿ ತಾಲ್ಲೂಕಿನ ಉಬ್ರಾಣಿ ಕಡೆ ಕಾಡಾನೆಯೂ ಉಂಟು. ಸೂರ್ಯ ಮೇಲೆದ್ದ ಮೇಲೆ ಹೊರಟು, ಇಳಿಯುವುದಕ್ಕೆ ಬಹಳ ಮೊದಲೇ ಹಿಂತಿರುಗಿ. ಇಯರ್‌ಫೋನ್ ಮನೆಯಲ್ಲಿರಲಿ. ಕರಡಿ ಬಹುತೇಕ ಮೈಮೇಲೆ ಬೀಳುವುದು ತಿರುವಿನಲ್ಲಿ ಹಠಾತ್ತನೆ ಎದುರಾದಾಗ. ಪೊದೆ ದಟ್ಟವಾಗಿರುವಲ್ಲಿ ಮಾತಾಡುತ್ತ ಹೋದರೆ ಅದೇ ದಾರಿ ಬಿಡುತ್ತದೆ. ಯಾವ ಪ್ರಾಣಿ ಕಂಡರೂ ಬೆನ್ನು ತೋರಿಸಿ ಓಡಬೇಡಿ, ನಿಂತು ನಿಧಾನವಾಗಿ ಹಿಂದೆ ಸರಿಯಿರಿ. ಆನೆ ಇದೆಯೆಂದು ಊರವರು ಹೇಳಿದ ದಿನ ಆ ದಿಕ್ಕಿಗೆ ಹೋಗಲೇಬೇಡಿ.

ಶಿವಮೊಗ್ಗ ಸೀಮೆಯ ಕಾಡಿಗೆ ಓಡಲು ಹೋಗುವವರಿಗೆ ಇನ್ನೊಂದು ಎಚ್ಚರ: ಅಲ್ಲಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಾದ ಮಂಗನ ಕಾಯಿಲೆ ಉಣ್ಣೆ ಹುಳುವಿನಿಂದ ಹರಡುತ್ತದೆ. ಡಿಸೆಂಬರಿನಿಂದ ಮೇವರೆಗೆ ಅದರ ಕಾಲ. ಮಂಗ ಸತ್ತ ಸುದ್ದಿ ಇದ್ದ ಕಡೆ ಹೋಗಬೇಡಿ, ಬಂದ ಕೂಡಲೇ ಬಟ್ಟೆ ಬಿಚ್ಚಿ ಬಿಸಿನೀರಲ್ಲಿ ಸ್ನಾನ ಮಾಡಿ.

12. ಹಾವು ಕಚ್ಚಿದರೆ ಓಟ ನಿಲ್ಲಿಸಿ, ಆಸ್ಪತ್ರೆ ಸೇರಿ

ಹುತ್ತದ ಮೇಲೆ ಕಾಲಿಡಬೇಡಿ, ಬಂಡೆಯ ಸಂದಿಗೆ ಕೈ ಹಾಕಬೇಡಿ, ಬಿದ್ದ ಮರವನ್ನು ಹಾರಿ ದಾಟುವ ಬದಲು ಮೇಲೆ ಹತ್ತಿ ಆಚೆ ನೋಡಿ ಇಳಿಯಿರಿ. ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಕಚ್ಚಿದ ಕಾಲು ಅಲುಗಾಡದಂತೆ ಇಟ್ಟು, 108ಕ್ಕೆ ಕರೆ ಮಾಡಿ. ಹಾವನ್ನು ಹಿಡಿದು ತರಬೇಕಿಲ್ಲ: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಆಸ್ಪತ್ರೆಯಲ್ಲಿ ಕೊಡುವ ಪ್ರತಿವಿಷ ಒಂದೇ. 2024ರಲ್ಲಿ ರಾಜ್ಯ ಸರ್ಕಾರ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆ ಎಂದು ಘೋಷಿಸಿದೆ. ಮಂತ್ರ ಹಾಕಿಸಲು ಹೋಗಿ ಕಳೆಯುವ ಒಂದು ಗಂಟೆ ಜೀವಕ್ಕೇ ಕುತ್ತು.

13. ಹೊಲದವರ ಜೊತೆ, ಕುರಿಯವರ ಜೊತೆ ಮಾತಾಡಿ

ಕುರಿ ಹಿಂಡು ಕಂಡರೆ ದೂರದಲ್ಲೇ ಓಟ ನಿಲ್ಲಿಸಿ ನಡೆಯಿರಿ. ಹಿಂಡಿನ ನಾಯಿಗೆ ಓಡುವವರೆಲ್ಲ ಕಳ್ಳರೇ. “ಅಣ್ಣಾ, ನಾಯಿ ಕರ್ಕಳಪ್ಪಾ, ಆ ಕಡೆ ಹೋಗ್ತೀನಿ” ಎಂದು ಕೂಗಿ. “ಬರ್ರೀ, ಏನೂ ಮಾಡಲ್ಲ” ಎಂಬ ಉತ್ತರ ಬಂದ ಮೇಲೆಯೇ ಮುಂದೆ ಹೋಗಿ. ಕಚ್ಚಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅವತ್ತೇ ಲಸಿಕೆ ಹಾಕಿಸಿ.

ಸುಗ್ಗಿಯಲ್ಲಿ ದಾರಿಯುದ್ದಕ್ಕೂ ಮೆಕ್ಕೆಜೋಳ ಒಣಹಾಕಿರುತ್ತಾರೆ. ಅದರ ಮೇಲೆ ಓಡಬೇಡಿ: ಕಾಳು ಉರುಳಿ ಕಾಲು ಜಾರುತ್ತದೆ, ಬೆಳೆದವರ ಬೈಗುಳ ಬೇರೆ. ಅಡ್ಡದಾರಿಗೆಂದು ಹೊಲದ ಬೇಲಿ ದಾಟುವುದು ಇನ್ನೂ ಅಪಾಯ. ಹಂದಿ ಕಾಟಕ್ಕೆ ಕಾನೂನು ಮೀರಿ ತಂತಿಗೆ ಕರೆಂಟ್ ಬಿಡುವವರು ಇದ್ದಾರೆ.

14. ನೀರು, ಉಪ್ಪು, ಮಂಡಕ್ಕಿ

ಒಂದು ಗಂಟೆ ಒಳಗಿನ ಓಟಕ್ಕೆ ಹೊರಡುವ ಮುಂಚೆ ಕುಡಿದ ನೀರೇ ಸಾಕು. ಅದಕ್ಕಿಂತ ಹೆಚ್ಚಾದರೆ ಅರ್ಧ ಲೀಟರಾದರೂ ಜೊತೆಗಿರಲಿ. ಬಾಯಾರಿದಾಗ ಗುಟುಕು ಗುಟುಕಾಗಿ ಕುಡಿಯಿರಿ. ಬರೀ ನೀರನ್ನು ಲೀಟರುಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ತೀರಾ ಇಳಿದು ತಲೆ ಸುತ್ತುವ ಅಪಾಯವಿದೆ. ಉದ್ದ ಓಟಕ್ಕೆ ಓಆರ್‌ಎಸ್ ಪ್ಯಾಕೆಟ್ ಮೇಲೆ ಬರೆದಷ್ಟೇ ನೀರಿಗೆ ಬೆರೆಸಿ ಒಯ್ಯಿರಿ.

ತಿನ್ನಲು ದುಬಾರಿ ಜೆಲ್ ಬೇಕೇ ಬೇಕು ಎಂದೇನಿಲ್ಲ. ಬೆಲ್ಲದ ಚೂರು, ಬಾಳೆಹಣ್ಣು, ಶೇಂಗಾ ಚಿಕ್ಕಿ ನಡೆಯುತ್ತವೆ. ದಾವಣಗೆರೆ ಮಂಡಕ್ಕಿ ಹೊಟ್ಟೆಗೆ ಹಗುರ, ಓಟ ಮುಗಿದ ಮೇಲೆ ಉಪ್ಪು ಹಾಕಿದ ಮಜ್ಜಿಗೆಯ ಜೊತೆ ಒಳ್ಳೆಯದು. ಮಿರ್ಚಿಯನ್ನು ಮಾತ್ರ ಓಟಕ್ಕೆ ಮೊದಲು ಮುಟ್ಟಬೇಡಿ, ಅದು ಗುಡ್ಡದ ಅರ್ಧದಲ್ಲಿ ಉತ್ತರ ಕೊಡುತ್ತದೆ.

15. ವರ್ಷಕ್ಕೊಂದು ಲೆಕ್ಕ, ವಾರಕ್ಕೊಂದು ಲೆಕ್ಕ

ಅಕ್ಟೋಬರಿನಿಂದ ಫೆಬ್ರವರಿ ಓಟದ ಸುಗ್ಗಿ, ಗುಡ್ಡ ಕುರುಚಲು ಎರಡೂ ಚೆನ್ನ. ಮಾರ್ಚಿನಿಂದ ಮೇ ಬೆಳಿಗ್ಗೆ 8ರೊಳಗೆ ಮನೆ ಸೇರಿ. ಹುಲ್ಲು ಒಣಗಿ ಕಾಡ್ಗಿಚ್ಚಿನ ಭಯವಿರುವ ಈ ಕಾಲದಲ್ಲಿ ಕಾಡಂಚು ಬಿಟ್ಟು ನಾಲೆ ಏರಿ ಹಿಡಿಯಿರಿ. ಜೂನಿನಿಂದ ಸೆಪ್ಟೆಂಬರ್ ಗರಸು ನೆಲದ ಕಾಲ, ಸಿಡಿಲಿನ ಸೂಚನೆ ಕಂಡರೆ ಗುಡ್ಡದ ನೆತ್ತಿ ಬಿಟ್ಟು ಇಳಿಯಿರಿ.

ವಾರಕ್ಕೆ ಮೂರು ದಿನ ಸಾಕು: ಮಂಗಳವಾರ ನಾಲೆ ಏರಿಯಲ್ಲಿ 40 ನಿಮಿಷ, ಗುರುವಾರ ಒಂದು ಚಿಕ್ಕ ಏರನ್ನು ಹತ್ತಿ ಇಳಿಯುವುದು ಆರು ಸಲ, ಭಾನುವಾರ ಉದ್ದ ಓಟ. ಮೂರು ವಾರ ಭಾನುವಾರದ ಓಟವನ್ನು ಹತ್ತು ಹತ್ತು ನಿಮಿಷ ಏರಿಸಿ, ನಾಲ್ಕನೇ ವಾರ ಇಳಿಸಿ. ಭಾನುವಾರ ಒಬ್ಬರೇ ಹೋಗಬೇಡಿ. ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ಸು ಎಂದು ಮನೆಯಲ್ಲಿ ಹೇಳಿ ಹೋಗಿ. ತುರ್ತಿಗೆ 112, ಅರಣ್ಯ ಇಲಾಖೆಗೆ 1926 ಫೋನಿನಲ್ಲಿರಲಿ.

ಈ ಕ್ರಮದಲ್ಲಿ ನಾಲ್ಕೈದು ತಿಂಗಳು ತಪ್ಪದೆ ಓಡಿದವರು ಹಾಫ್ ಮ್ಯಾರಥಾನಿಗೆ ಹೆಸರು ಕೊಡಬಹುದು. ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವಿನ ಮಲ್ನಾಡ್ ಅಲ್ಟ್ರಾದಂಥ 50 ಕಿ.ಮೀ. ಓಟಕ್ಕೆ ಇನ್ನೂ ಒಂದೆರಡು ವರ್ಷದ ಕಾಲು ಬೇಕು. ಅಲ್ಲಿಯವರೆಗೆ ನೀರುಗಂಟಿ ನಡೆದ ಏರಿ, ದನ ನಡೆದ ಕಾಲುದಾರಿಯೇ ನಮ್ಮ ಟ್ರ್ಯಾಕ್. ಇವನ್ನು ಯಾರೂ ನಮಗಾಗಿ ಮಾಡಿಟ್ಟಿಲ್ಲ, ಊರವರು ಬಿಟ್ಟುಕೊಟ್ಟಿದ್ದಾರೆ ಅಷ್ಟೆ. ಖಾಲಿ ಬಾಟಲಿ, ಚಿಕ್ಕಿಯ ಕವರ್ ಜೇಬಿನಲ್ಲೇ ವಾಪಸ್ಸು ಬಂದರೆ ಮುಂದಿನ ಭಾನುವಾರವೂ ದಾರಿ ಬಿಡುತ್ತಾರೆ. ಬಿಸಾಕಿ ಬಂದರೆ ಅಲ್ಲೊಂದು ಮುಳ್ಳುಬೇಲಿ ಬೀಳುತ್ತದೆ, ಆಗ ಅವರನ್ನು ದೂರಲು ನಮಗೆ ಬಾಯಿರುವುದಿಲ್ಲ.